ನಾಲ್ಕು ಇಂಚಿನ ಉತ್ತರ

"ಎಂಟು ಇಂಚು" ಎಂದ ಉಜ್ಜನಪ್ಪ.

"ಅಲ್ಲ, ನಾಲ್ಕು" ಎಂದಳು ಜಗದಾಂಬಾ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಟೆಸ್ಟ್ ಹೌಸಿನಲ್ಲಿ ಅಲ್ಲಿಯವರೆಗೆ ಗಿಜಿಗುಡುತ್ತಿದ್ದ ಬಿ.ಎಸ್ಸಿ. ತರಗತಿ ಒಮ್ಮೆಲೇ ಸುಮ್ಮನಾಯಿತು. ಸಾವಿರದ ಒಂಬೈನೂರ ಅರವತ್ತೆರಡರ ಜನವರಿ. ಕಾರ್ಖಾನೆ ನೋಡಲೆಂದು ಶಿವಮೊಗ್ಗದಿಂದ ಬೆಳಗಿನ ರೈಲಿಗೆ ಬಂದವರು ಇಪ್ಪತ್ತಮೂರು ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಇಬ್ಬರೇ. ಒಬ್ಬಳು ಭವಾನಿ, ಬಾಯಿ ಮುಚ್ಚಲಾರದವಳು. ಇನ್ನೊಬ್ಬಳು ಜಗದಾಂಬಾ. ಅವಳಿಗೆ ಬಾಯಿಯೇ ಇಲ್ಲವೆಂದು ತರಗತಿಯವರೆಲ್ಲ ತಿಳಿದಿದ್ದರು.

ಹಣೆಯಲ್ಲಿ ವಿಭೂತಿ, ಬರಿಗೈ, ಬೂದು ಬಣ್ಣದ ಸೀರೆ. ಇಪ್ಪತ್ತಮೂರು ವರ್ಷದ ಆ ಹೆಣ್ಣುಮಗಳು ವಿಧವೆಯೆಂದು ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಉಜ್ಜನಪ್ಪನ ಪಕ್ಕದಲ್ಲಿ ಆಳೆತ್ತರದ ಯಂತ್ರ. ಗೋಡೆ ಗಡಿಯಾರದ ಲೋಲಕದಂತೆ ಅದರಲ್ಲೊಂದು ಭಾರಿ ಸುತ್ತಿಗೆ ನೇತಾಡುತ್ತಿತ್ತು. ಅದನ್ನು ಮೇಲಕ್ಕೆತ್ತಿ ಬಿಟ್ಟರೆ ಬೀಸಿ ಬಂದು ಬೆರಳುಗಾತ್ರದ ಉಕ್ಕಿನ ತುಂಡನ್ನು ಲಟ್ಟೆಂದು ಮುರಿದು ಆಚೆ ಬದಿಗೆ ಏರುತ್ತದೆ. ಮೊದಲಿದ್ದ ಎತ್ತರಕ್ಕಿಂತ ಎಷ್ಟು ಕಡಿಮೆ ಏರಿತೋ ಅಷ್ಟು ಗಟ್ಟಿ ಆ ಉಕ್ಕು. ಏಳು ವರ್ಷಗಳಿಂದ ಉಜ್ಜನಪ್ಪ ಮಾಡುತ್ತಿದ್ದ ಕೆಲಸ ಅದೇ. ಎತ್ತುವುದು, ಬಿಡುವುದು, ಎತ್ತರ ಎಷ್ಟು ಕಳೆಯಿತೆಂದು ಬರೆದಿಡುವುದು.

ಕಾಲೇಜಿನವರನ್ನು ಸ್ವಲ್ಪ ಆಟವಾಡಿಸೋಣವೆಂದು ಅವನೇ ಒಂದು ಪ್ರಶ್ನೆ ಹಾಕಿದ್ದ. ಒಂದೇ ತೂಕದ ಎರಡು ಜೇಡಿಮಣ್ಣಿನ ಉಂಡೆಗಳು ದಾರದಲ್ಲಿ ಅಕ್ಕಪಕ್ಕ ತೂಗುತ್ತಿವೆ. ಒಂದನ್ನು ಹದಿನಾರು ಇಂಚು ಮೇಲಕ್ಕೆತ್ತಿ ಬಿಟ್ಟರೆ ಅದು ಬಂದು ಇನ್ನೊಂದಕ್ಕೆ ಬಡಿದು ಅಂಟಿಕೊಳ್ಳುತ್ತದೆ. ಎರಡೂ ಸೇರಿ ಎಷ್ಟು ಎತ್ತರ ಏರುತ್ತವೆ?

ಯಾರೂ ಉತ್ತರ ಹೇಳದಿದ್ದಾಗ ತಾನೇ ಹೇಳಿದ. ತೂಕ ಎರಡರಷ್ಟಾಯಿತು, ಎತ್ತರ ಅರ್ಧವಾಯಿತು. ಎಂಟು ಇಂಚು. ಮುಗಿಯಿತು.

"ನಾಲ್ಕು ಹೇಗಮ್ಮ ಆಗುತ್ತೆ?" ಎಂದು ಈಗ ಅವನು ನಕ್ಕ.

"ನೀವು ಈ ಎತ್ತರದಿಂದ ಆ ಎತ್ತರಕ್ಕೆ ನೇರ ಹಾರಿಬಿಟ್ರಿ. ನಡುವೆ ಒಂದು ಡಿಕ್ಕಿ ಇದೆ. ಡಿಕ್ಕೀಲಿ ಎನರ್ಜಿ ಪೂರ್ತಿ ಉಳಿಯೋಲ್ಲ. ಮೊಮೆಂಟಮ್ ಮಾತ್ರ ಉಳಿಯುತ್ತೆ."

"ಏಳು ವರ್ಷದಿಂದ ಈ ಸುತ್ತಿಗೆ ನೋಡ್ತಿದೀನಿ. ಎತ್ತರ ಯಾವತ್ತೂ ಸುಳ್ಳು ಹೇಳಿಲ್ಲ."

"ಸುತ್ತಿಗೆ ಸುಳ್ಳು ಹೇಳ್ತಿಲ್ಲ" ಎಂದಳು ಜಗದಾಂಬಾ. "ಹೇಳ್ತಿರೋದು ನೀವು."

ಗೊಳ್ಳೆಂದು ನಗು ಎದ್ದಿತು. ಫಿಜಿಕ್ಸ್ ಮೇಷ್ಟ್ರು ಯಾರ ಪಕ್ಷವನ್ನೂ ವಹಿಸದೆ, "ನಡೀರಿ, ನಡೀರಿ, ಫರ್ನೇಸ್ ನೋಡೋದಿದೆ" ಎಂದು ಎಲ್ಲರನ್ನೂ ಹೊರಡಿಸಿದರು.

"ಅಯ್ಯೋ ಮಾರಾಯ್ತಿ, ಒಂದು ವರ್ಷದ ಮಾತು ಒಂದೇ ಸಲ ಆಡಿಬಿಟ್ಯಲ್ಲೇ!" ಭವಾನಿ ಅವಳ ತೋಳು ಚಿವುಟಿದಳು. "ಪಾಪ, ನೋಡು ಅವನ ಮುಖ."

ಜಗದಾಂಬಾ ಹೊಸ್ತಿಲಲ್ಲಿ ನಿಂತು ಹಿಂತಿರುಗಿ ನೋಡಿದಳು. ಸಿಟ್ಟಾಗಿರುತ್ತಾನೆ ಎಂದುಕೊಂಡಿದ್ದಳು. ಎಣ್ಣೆಗೈಯನ್ನು ಹತ್ತಿಯಿಂದ ಒರೆಸುತ್ತ ನಿಂತಿದ್ದವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಹುಬ್ಬು ಗಂಟಿಕ್ಕಿ ಒಮ್ಮೆ ಸುತ್ತಿಗೆಯನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ, ಮತ್ತೆ ಸುತ್ತಿಗೆಯನ್ನು ನೋಡಿದ. ಎರಡನೆಯ ಬಾರಿ ಅವಳತ್ತ ತಿರುಗಿದ ಕಣ್ಣು ಅಲ್ಲೇ ಉಳಿಯಿತು. ಜಗದಾಂಬಾ ಬೇಗನೆ ಹೊಸ್ತಿಲು ದಾಟಿದಳು.

ಶಿವಮೊಗ್ಗದ ಸವಳಂಗ ರಸ್ತೆಯ ಜಗದಾಂಬೆಯ ಮನೆಯಲ್ಲಿ ಇದ್ದದ್ದು ಇಬ್ಬರೇ. ಅವಳು ಮತ್ತು ಅವಳ ಮಾವ ಪರಮೇಶ್ವರಪ್ಪನವರು. ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಎರಡು ಹೊತ್ತು ಲಿಂಗಪೂಜೆ ತಪ್ಪಿಸದವರು. ಅವರ ಕಿರಿಯ ಮಗ ಮೂರ್ತಪ್ಪ ಮದುವೆಯಾದ ನಾಲ್ಕನೆಯ ತಿಂಗಳಿಗೆ ವಿಷಮಜ್ವರದಲ್ಲಿ ಶಿವೈಕ್ಯನಾದ. ಆಗ ಜಗದಾಂಬೆಗೆ ಹದಿನೆಂಟು. ಹದಿಮೂರನೆಯ ದಿನ ಕಳೆದ ಮೇಲೆ ಮುದುಕರು ಮಗನ ಪುಸ್ತಕಗಳನ್ನೆಲ್ಲ ತಂದು ಸೊಸೆಯ ಮುಂದೆ ಇಟ್ಟರು. "ಇವು ಓದಿಸಿಕೊಳ್ಳದೆ ಬಿದ್ದಿದ್ರೆ ನನಗೆ ನೋಡೋಕಾಗಲ್ಲ ತಾಯಿ" ಎಂದರು. ಅಷ್ಟೇ ಹೇಳಿದ್ದು. ಅವಳು ಕಾಲೇಜಿಗೆ ಸೇರಿದ್ದು ಹೀಗೆ.

ಹಿರಿಯ ಮಗ ವೀರಪ್ಪನಿಗೆ ಇದು ಸರಿಬರಲಿಲ್ಲ. ಆಯನೂರಿನಲ್ಲಿ ಅವನ ಅಕ್ಕಿಗಿರಣಿ, ದೊಡ್ಡ ಸಂಸಾರ. "ಪರೀಕ್ಷೆ ಒಂದು ಮುಗೀಲಿ, ಏಪ್ರಿಲಿನಲ್ಲಿ ಗಾಡಿ ತರ್ತೀನಿ" ಎಂದು ಹೇಳಿ ಹೋಗಿದ್ದ. ಅಲ್ಲಿನ ಅಡಿಗೆಮನೆ, ಅವನ ಐದು ಮಕ್ಕಳು, ಹಿತ್ತಲ ಕೋಣೆಯ ಒಂದು ಚಾಪೆ. ಇನ್ನು ಬದುಕಿರುವಷ್ಟು ಕಾಲವೂ ಅದೇ. ಜಗದಾಂಬಾ ರಾಟೆಯಿಂದ ನೀರು ಸೇದುವಾಗಲೆಲ್ಲ ಏಪ್ರಿಲಿಗೆ ಎಷ್ಟು ದಿನವೆಂದು ಎಣಿಸುತ್ತಿದ್ದಳು. ಮಾವನವರು ಹಿರಿಯ ಮಗನಿಗೆ ಹೂಂ ಎಂದಿರಲಿಲ್ಲ. ಊಹೂಂ ಎಂದೂ ಹೇಳಿರಲಿಲ್ಲ.

ಕಾರ್ಖಾನೆ ನೋಡಿ ಬಂದ ವಾರದ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಎದ್ದ ಪರಮೇಶ್ವರಪ್ಪನವರು ಬಾಗಿಲು ತೆರೆದರೆ, ಕೈಯಲ್ಲೊಂದು ಬಟ್ಟೆಚೀಲ ಹಿಡಿದು ಒಬ್ಬ ತರುಣ ನಿಂತಿದ್ದ.

"ಯಾರಪ್ಪ?"

"ಭದ್ರಾವತಿಯಿಂದ ಬಂದೆ ಸಾರ್. ಕಾಲೇಜಿನಲ್ಲಿ ವಿಚಾರಿಸಿದೆ, ಈ ಮನೆ ಅಂದ್ರು. ನಿಮ್ಮ ಸೊಸೆ ಹತ್ರ ಒಂದು ತಪ್ಪು ಒಪ್ಪಿಕೊಳ್ಳಬೇಕಿತ್ತು."

ಮುದುಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ತಪ್ಪು ಒಪ್ಪಿಕೊಳ್ಳೋಕೆ ಹನ್ನೆರಡು ಮೈಲಿ ಬಂದ ಮನುಷ್ಯನ್ನ ಇವತ್ತೇ ನೋಡ್ತಿರೋದು. ಒಳಗೆ ಬಾ."

ಉಜ್ಜನಪ್ಪ ಚೀಲದಿಂದ ಎರಡು ಜೇಡಿಮಣ್ಣಿನ ಉಂಡೆಗಳನ್ನು ತೆಗೆದು ಜಗಲಿಯ ಮೇಲಿಟ್ಟ. ಒಂದರ ಮೈ ಒಂದು ಕಡೆ ಚಪ್ಪಟೆಯಾಗಿತ್ತು. ಬಾಗಿಲ ಮರೆಯಲ್ಲಿ ನಿಂತಿದ್ದ ಜಗದಾಂಬೆಯನ್ನು ನೋಡದೆ ಆ ಉಂಡೆಗಳಿಗೇ ಹೇಳುವವನಂತೆ ಹೇಳಿದ.

"ಅಚ್ಚು ಹಾಕೋ ಮಣ್ಣಲ್ಲಿ ಮಾಡಿದೆ. ಹನ್ನೊಂದು ಸಲ ಬಿಟ್ಟೆ. ಹನ್ನೊಂದು ಸಲಾನೂ ನಾಲ್ಕಕ್ಕೆ ಒಂದು ಕೂದಲೆಳೆ ಕೆಳಗೆ. ಎಂಟರ ಹತ್ರ ಒಂದು ಸಲಾನೂ ಸುಳೀಲಿಲ್ಲ."

"ಹನ್ನೊಂದು ಸಲ ಯಾಕೆ? ಒಂದು ಸಲ ಸಾಲ್ದೇ?" ಒಳಗಿನಿಂದ ಅವಳ ಧ್ವನಿ.

"ಹತ್ತು ಸಲ ನೀವು ತಪ್ಪಿರಬಹುದು ಅಂತ ಆಸೆ ಇತ್ತು."

ಪರಮೇಶ್ವರಪ್ಪನವರು ನಕ್ಕುಬಿಟ್ಟರು. ಆ ಮನೆಯಲ್ಲಿ ಅವರು ಶಬ್ದ ಮಾಡಿ ನಕ್ಕು ಐದು ವರ್ಷವಾಗಿತ್ತು. ಜಗದಾಂಬಾ ಸ್ಲೇಟು ಹಿಡಿದು ಹೊರಗೆ ಬಂದಳು.

"ಒಂದು ಲೆಕ್ಕ ಅಲ್ಲ ಇದು, ಮೂರು ಲೆಕ್ಕ" ಎಂದು ಸ್ಲೇಟಿನ ಮೇಲೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿದಳು. "ಮೊದಲನೇದು, ಉಂಡೆ ಕೆಳಗೆ ಬರೋದು. ಅಲ್ಲಿ ಎನರ್ಜಿ ಉಳಿಯುತ್ತೆ. ಎತ್ತರ ಎಲ್ಲ ವೇಗ ಆಗುತ್ತೆ. ಎರಡನೇದು, ಬಡಿಯೋ ಕ್ಷಣ. ಅಲ್ಲಿ ಮೊಮೆಂಟಮ್ ಒಂದನ್ನೇ ನಂಬಬೇಕು."

"ಅದಕ್ಕೆ ಕನ್ನಡದಲ್ಲಿ ಏನಮ್ಮ ಹೇಳೋದು?" ಮುದುಕರು ಕೇಳಿದರು.

"ತೂಕಾನ ವೇಗದಿಂದ ಗುಣಿಸಿದ್ರೆ ಬರೋದು ಮಾವ. ಓಡೋ ಗಾಡೀಲಿ ಭತ್ತ ತುಂಬಿದ್ರೆ ನಿಲ್ಲಿಸೋದು ಕಷ್ಟ, ಬರೀ ಗಾಡಿ ಆದ್ರೆ ಸುಲಭ ಅಲ್ವಾ? ಅದು." ಮತ್ತೆ ಸ್ಲೇಟಿಗೆ ಬಗ್ಗಿದಳು. "ತೂಕ ಎರಡರಷ್ಟಾಯ್ತು, ಗುಣಲಬ್ಧ ಅಷ್ಟೇ ಇರಬೇಕು. ಅಂದ್ರೆ ವೇಗ ಅರ್ಧ. ಮೂರನೇದು, ಎರಡೂ ಸೇರಿ ಮೇಲೆ ಹೋಗೋದು. ಮತ್ತೆ ಎನರ್ಜಿ. ಎತ್ತರ ವೇಗದ ವರ್ಗದ ಜೊತೆ ಹೋಗುತ್ತೆ. ವೇಗ ಅರ್ಧ ಆದ್ರೆ ಎತ್ತರ ಕಾಲು. ಹದಿನಾರರಲ್ಲಿ ಕಾಲು..."

"ನಾಲ್ಕು" ಎಂದ ಉಜ್ಜನಪ್ಪ ಮೆಲ್ಲಗೆ. ಆಮೇಲೆ ಹಟ ಬಿಡದೆ ಕೇಳಿದ, "ಹಾಗಾದ್ರೆ ಅರ್ಧ ಎನರ್ಜಿ ಎಲ್ಲಿ ಹೋಯ್ತು? ಹದಿನಾರರಿಂದ ಬಿಟ್ಟೆ. ಎರಡರಷ್ಟು ತೂಕ ನಾಲ್ಕಕ್ಕೆ ಹೋಯ್ತು ಅಂದ್ರೆ ಎಂಟರಷ್ಟೇ ಆಯ್ತು. ಉಳಿದ ಎಂಟು?"

ಜಗದಾಂಬಾ ಉಂಡೆಯ ಚಪ್ಪಟೆಯಾದ ಜಾಗದ ಮೇಲೆ ಹೆಬ್ಬೆರಳಿಟ್ಟಳು. "ಇಲ್ಲಿ. ಉಕ್ಕು ಮುರಿಯೋಕೆ ಇಷ್ಟು ಹೋಯ್ತು ಅಂತ ದಿನಾ ಬರೆಯೋರು ನೀವೇ ಅಲ್ವಾ? ಮಣ್ಣು ಅಪ್ಪಚ್ಚಿ ಆಗೋಕೆ ಏನೂ ಬೇಡ್ವೇ?"

ಉಜ್ಜನಪ್ಪ ಹಣೆ ಬಡಿದುಕೊಂಡ. "ಏಳು ವರ್ಷ! ಏಳು ವರ್ಷ ನನ್ನ ಕೈಯಲ್ಲೇ ಬರೆದಿದೀನಲ್ರೀ!"

ಅವನು ಆಗ ತಲೆಯೆತ್ತಿ ಅವಳನ್ನು ನೋಡಿದ. ಅವಳ ಬೆರಳಿಗೆ ಸುಣ್ಣದ ಕಡ್ಡಿಯ ಪುಡಿ ಅಂಟಿತ್ತು, ಗಲ್ಲಕ್ಕೂ ಸ್ವಲ್ಪ ತಾಗಿತ್ತು. ಹೇಳಬೇಕೋ ಬೇಡವೋ ಎಂದು ಅವನು ತನ್ನ ಗಲ್ಲವನ್ನೇ ಒರೆಸಿಕೊಂಡ. ಅವಳಿಗೆ ಅರ್ಥವಾಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದ ಮೇಲೂ ಗಲ್ಲ ಬಿಸಿಯಾಗಿಯೇ ಇತ್ತು.

ಅವನು ಕಾರ್ಖಾನೆಯ ಚಾರ್ಜ್‌ಮನ್ ಬಡ್ತಿ ಪರೀಕ್ಷೆಗೆ ಕೂರುವವನಿದ್ದ. ಭಾನುವಾರ ಬಂದು ಲೆಕ್ಕ ಹೇಳಿಸಿಕೊಳ್ಳಬಹುದೇ ಎಂದು ಕೇಳಿದ್ದು ಮುದುಕರನ್ನು. "ಗುರುವನ್ನ ಕೇಳು" ಎಂದರು ಅವರು.

"ತಪ್ಪು ಮಾಡಿದ್ರೆ ಬೈತೀನಿ" ಎಂದಳು ಗುರು.

"ಬೈದಾಗಿದೆ. ಅಭ್ಯಾಸ ಆಗಿದೆ."

ಹಾಗೆ ಏಳೆಂಟು ಭಾನುವಾರಗಳು ಬಂದವು. ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಅವನೊಬ್ಬನೇ. ತಂದೆತಾಯಿ ಇರಲಿಲ್ಲ. ಅವನು ಬಂದು ಜಗಲಿಯ ಮೇಲೆ ಕೂರುವನು, ಅವಳು ಬಾಗಿಲ ಬಳಿ ಮಣೆಯ ಮೇಲೆ, ಮಾವನವರು ನಡುವೆ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ. ನಿದ್ದೆಯೋ ಜಪವೋ ಯಾರಿಗೂ ತಿಳಿಯುತ್ತಿರಲಿಲ್ಲ. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಪರಮೇಶ್ವರಪ್ಪನವರು ಅವರಿಗೆ ಕಾಣಲೆಂದೇ ಬಾಗಿಲನ್ನು ಇನ್ನಷ್ಟು ತೆರೆದಿಡುತ್ತಿದ್ದರು.

ಶನಿವಾರವೇ ಅವಳ ಮನಸ್ಸು ರೈಲಿನ ಕೂಗಿಗೆ ಕಿವಿಗೊಡುತ್ತಿತ್ತು. ಅದನ್ನು ಅವಳು ತನಗೂ ಹೇಳಿಕೊಳ್ಳಲಿಲ್ಲ.

ಒಂದು ಭಾನುವಾರ ಅವನು ಎರಡು ಉಕ್ಕಿನ ಗುಂಡುಗಳನ್ನು ತಂದ. ಕೊಕ್ಕೆ ಬೆಸೆದು, ಜಗಲಿಯ ತೊಲೆಗೆ ದಾರ ಕಟ್ಟಿ ತೂಗುಬಿಟ್ಟ. "ಇವು ಅಂಟಿಕೊಳ್ಳಲ್ಲ. ಈಗ ಹೇಳಿ, ಏನಾಗುತ್ತೆ?"

"ಬಂದದ್ದು ನಿಲ್ಲುತ್ತೆ. ನಿಂತದ್ದು ಹೋಗುತ್ತೆ" ಎಂದಳು ಪುಸ್ತಕದಿಂದ ಓದಿದಂತೆ.

ಅವನು ಬಿಟ್ಟ. ಟಣ್ಣೆಂದಿತು. ಬೀಸಿ ಬಂದ ಗುಂಡು ಇದ್ದಲ್ಲೇ ಸ್ತಬ್ಧವಾಯಿತು, ಅದರ ಓಟವನ್ನೆಲ್ಲ ಕಸಿದುಕೊಂಡು ಇನ್ನೊಂದು ಎದ್ದು ಹೋಯಿತು. ಜಗದಾಂಬೆಯ ಮುಖ ಬಿಳುಪೇರಿತು. "ಇದು ಬೇಡ. ಬಿಚ್ಚಿಬಿಡಿ" ಎಂದು ಕಣ್ಣು ಮುಚ್ಚಿದಳು.

ಯಾಕೆಂದು ಅವನು ಕೇಳಲಿಲ್ಲ. ಗಂಟು ಬಿಚ್ಚಿ ಗುಂಡುಗಳನ್ನು ಚೀಲಕ್ಕೆ ಹಾಕಿದ. ಆಮೇಲೆ ಹೇಳಿದ.

"ನೀವು ಪೂರ್ತಿ ನೋಡಲಿಲ್ಲ."

"ನೋಡೋದೇನಿದೆ? ನಿಂತುಹೋಯ್ತು."

"ಹೋದದ್ದು ತಿರುಗಿ ಬಂತು. ಬಂದು ನಿಂತದ್ದಕ್ಕೆ ತಾಗಿತು. ಅದು ಮತ್ತೆ ಎದ್ದಿತು, ಮೊದಲಿನಷ್ಟೇ ಎತ್ತರ. ಅಷ್ಟರಲ್ಲಿ ನೀವು ಕಣ್ಣು ಮುಚ್ಚಿದ್ರಿ."

ಆರಾಮಕುರ್ಚಿಯಲ್ಲಿ ಜಪಮಣಿ ಎಣಿಸುತ್ತಿದ್ದ ಬೆರಳು ನಿಂತಿತು.

ಜಗದಾಂಬಾ ಖಾಲಿ ತೊಲೆಯತ್ತ ನೋಡಿದಳು. "ಇನ್ನೊಂದು ಸಲ ಕಟ್ಟಿ. ಈ ಸಲ ನೋಡ್ತೀನಿ" ಎಂದಳು.

ಅವನು ಕಟ್ಟಿದ. ಅವಳು ಕಣ್ಣು ಮಿಟುಕಿಸದೆ ನೋಡಿದಳು. ನಿಂತ ಗುಂಡು ಎದ್ದಾಗ ಅವಳ ಕಣ್ಣು ತುಂಬಿತ್ತು. ಉಜ್ಜನಪ್ಪ ಗುಂಡುಗಳನ್ನು ನೋಡದೆ ಅವಳನ್ನೇ ನೋಡುತ್ತಿದ್ದ.

"ನನಗೆ ನಿಮ್ಮನ್ನ ಮದುವೆ ಆಗಬೇಕು ಅಂತಿದೆ" ಎಂದ. "ಹೀಗೆ ಕೇಳೋದು ಸರಿಯೋ ತಪ್ಪೋ ಗೊತ್ತಿಲ್ಲ. ಮಾವನವರು ಇಲ್ಲೇ ಇದಾರೆ, ಅದಕ್ಕೇ ಕೇಳಿದೆ. ಅವರ ಬೆನ್ನ ಹಿಂದೆ ಕೇಳೋದು ಚೆನ್ನಾಗಿರಲ್ಲ."

"ನಾನು ವಿಧವೆ."

"ಗೊತ್ತು. ನಾನು ಎಂಟು ಅಂದೋನು ಅಂತ ನಿಮಗೂ ಗೊತ್ತು."

ಅತ್ತಿದ್ದ ಮುಖದಲ್ಲೇ ಅವಳಿಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವನವರು ಕಣ್ಣು ತೆರೆಯದೆ, "ಪರೀಕ್ಷೆ ಮುಗೀಲಿ. ಮನಸ್ಸು ಎರಡು ಕಡೆ ಆಗಬಾರದು" ಎಂದರು. ಅವರು ಹೂಂ ಎಂದರೋ ಊಹೂಂ ಎಂದರೋ ಆಗಲೂ ತಿಳಿಯಲಿಲ್ಲ.

ಅವಳ ಬಿ.ಎಸ್ಸಿ. ಪರೀಕ್ಷೆ ಮುಗಿಯಿತು. ಚೆನ್ನಾಗಿಯೇ ಬರೆದಳು. ಏಪ್ರಿಲಿನ ಎರಡನೆಯ ಭಾನುವಾರ ವೀರಪ್ಪ ಹೇಳಿದಂತೆ ಗಾಡಿ ತಂದ. ಜಗಲಿಯ ಮೇಲೆ ಉಜ್ಜನಪ್ಪ ಕೂತಿದ್ದ.

"ಕೇಳಿದ್ದು ನಿಜ ಹಾಗಾದ್ರೆ!" ವೀರಪ್ಪ ಚಪ್ಪಲಿ ಬಿಡದೆಯೇ ಕೂಗಿದ. "ಆಯನೂರಿನ ಸಂತೇಲಿ ನನ್ನ ಮುಖ ನೋಡಿ ನಗ್ತಾರೆ. ಸುತ್ತಿಗೆ ಬಡಿಯೋನಿಗೆ ಪಾಠ ಹೇಳ್ತಾಳಂತೆ ನಿಮ್ಮ ತಮ್ಮನ ಹೆಂಡ್ತಿ ಅಂತ! ಜಗದಾಂಬಾ, ಗಂಟು ಕಟ್ಟು. ಎತ್ತು ಬಿಚ್ಚೋದೂ ಬೇಡ."

"ನಾನು ಬರಲ್ಲ ಬಾವ. ಇವರನ್ನ ಮದುವೆ ಆಗ್ತೀನಿ."

ಅವಳೇ ಅದನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಿದ್ದು. ಉಜ್ಜನಪ್ಪ ಎದ್ದು ನಿಂತ. ವೀರಪ್ಪ ತಂದೆಯ ಮುಖ ನೋಡಿದ, ತಂದೆ ನೆಲ ನೋಡುತ್ತಿದ್ದರು. ಗಂಟೆಗಟ್ಟಲೆ ಮಾತು ನಡೆಯಿತು. ಬೈಗುಳವಾಯಿತು, ಆಣೆ ಹಾಕಿದ್ದಾಯಿತು, ಸತ್ತ ತಮ್ಮನ ಹೆಸರು ಎತ್ತಿದ್ದಾಯಿತು. ಕೊನೆಗೆ ವೀರಪ್ಪ ವ್ಯಾಪಾರಸ್ಥನಂತೆ ಧ್ವನಿ ತಗ್ಗಿಸಿದ.

"ಆಯ್ತು. ನಾನೇನು ಕಟುಕ ಅಲ್ಲ. ನಮ್ಮಲ್ಲಿ ಸೀರುಡಿಕೆ ಇದೆ. ವಿಧವೆಗೆ ಹೊಸ ಸೀರೆ ಕೊಟ್ಟು ಕಳಿಸೋದು ಇದೆ. ಪದ್ಧತಿ ಪ್ರಕಾರ ಆಗ್ಲಿ. ಕತ್ತಲಾದ ಮೇಲೆ, ನಮ್ಮ ಹಿತ್ತಲ ಕೋಣೇಲಿ. ಓಲಗ ಇಲ್ಲ, ಮುತ್ತೈದೆಯರು ಎದುರು ಬರೋಂಗಿಲ್ಲ. ಕೋಳಿ ಕೂಗೋ ಮುಂಚೆ ಹೊರಟುಹೋಗ್ಲಿ. ಆಮೇಲೆ ಈ ಮನೆ ಹೊಸ್ತಿಲು ತುಳಿಯೋಂಗಿಲ್ಲ."

ಉಜ್ಜನಪ್ಪನ ಮುಖದಲ್ಲಿ ಬೆಳಕು ಕಂಡಿತು. ಅವನಿಗೆ ಅವಳು ಸಿಕ್ಕರೆ ಸಾಕಾಗಿತ್ತು. ಜಗದಾಂಬಾ ಅದನ್ನು ನೋಡಿದಳು. ನೋಡಿದರೂ ಹೇಳಿದಳು.

"ಇಲ್ಲ ಬಾವ. ಕತ್ತಲಲ್ಲಿ ಮಾಡೋದು ಕಳ್ಳತನ. ನಾನು ಯಾರದ್ದೂ ಕದೀತಿಲ್ಲ. ಆಗೋದಾದ್ರೆ ಹಗಲು, ಈ ಬಾಗಿಲ ಎದುರು. ಇಲ್ಲದಿದ್ರೆ ಮದುವೇನೇ ಬೇಡ. ಎಲ್ಲಾದ್ರೂ ಶಾಲೇಲಿ ಮೇಡಂ ಕೆಲಸ ಮಾಡ್ಕೊಂಡು ಒಬ್ಬಳೇ ಇರ್ತೀನಿ. ನಿಮ್ಮ ಹಿತ್ತಲ ಕೋಣೆಗೆ ಮಾತ್ರ ಬರಲ್ಲ. ಮದುವೆಗೂ ಬರಲ್ಲ, ಬಾಳೋಕೂ ಬರಲ್ಲ."

ಅವಳು ಉಜ್ಜನಪ್ಪನ ಕಡೆ ತಿರುಗಿದಳು. ಅವನು ಈಗ ಹಿಂಜರಿದರೆ ಎಲ್ಲವೂ ಮುಗಿದಂತೆ.

ಉಜ್ಜನಪ್ಪ ಒಂದು ಗಳಿಗೆ ತಲೆ ತಗ್ಗಿಸಿದ. "ನಾನು ಒಪ್ಪಿಬಿಡೋನಿದ್ದೆ" ಎಂದ. "ಮತ್ತೆ ತಪ್ಪು ಮಾಡ್ತಿದ್ದೆ. ಅವರು ಹೇಳಿದ್ದೇ ಸರಿ. ಹಗಲು."

"ಹಾಗಾದ್ರೆ ಏನೂ ಇಲ್ಲ!" ವೀರಪ್ಪ ಎದ್ದ. "ಅಪ್ಪಯ್ಯ, ಹೇಳಿ ಇವಳಿಗೆ. ನೀವು ಹೇಳಿದ್ರೆ ಕೇಳ್ತಾಳೆ."

ಪರಮೇಶ್ವರಪ್ಪನವರು ನಿಧಾನವಾಗಿ ಕುರ್ಚಿಯಿಂದ ಎದ್ದರು. ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದು ಒಂದು ಕ್ಷಣ ನೋಡಿ ಮತ್ತೆ ಎದೆಗೆ ಬಿಟ್ಟರು.

"ಮೂರ್ತಪ್ಪನ್ನ ಈ ಬಾಗಿಲಿಂದಲೇ ಹೊರಡಿಸಿದ್ದು" ಎಂದರು. "ಮಧ್ಯಾಹ್ನ ಹನ್ನೆರಡು ಗಂಟೆ. ಬಿಸಿಲು. ಬೀದಿ ತುಂಬ ಜನ. ಸವಳಂಗ ರಸ್ತೆಯಲ್ಲಿ ಒಬ್ಬರೂ ಕಿಟಕಿ ಮುಚ್ಚಲಿಲ್ಲ, ಎಲ್ಲರೂ ನೋಡಿದ್ರು. ಮಗನ್ನ ಮಣ್ಣಿಗೆ ಕಳಿಸೋಕೆ ಹಗಲು ಆಗುತ್ತೆ. ಮಗಳನ್ನ ಮನೆಗೆ ಕಳಿಸೋಕೆ ಕತ್ತಲೆ ಯಾಕೆ ಬೇಕು ವೀರಪ್ಪ?"

ವೀರಪ್ಪ ಬಾಗಿಲಾಚೆ ನಿಂತ ಗಾಡಿಯತ್ತ ತಿರುಗಿದ.

"ಅವಳು ಸೊಸೆ" ಎಂದ ವೀರಪ್ಪ ಕೊನೆಗೆ.

"ಸೊಸೆ ಆಗಿದ್ದು ನಾಲ್ಕು ತಿಂಗಳು. ಆಮೇಲೆ ಐದು ವರ್ಷ ನನ್ನ ಎದುರು ಬೆಳೆದವಳು ಮಗಳೇ. ಶಿವ ಕೊಟ್ಟದ್ದನ್ನ ಅವನೇ ಕಿತ್ಕೊಂಡಾಗ ನಾನು ತಲೆಬಾಗಿದೆ. ಈಗ ಕೊಡ್ತಿದಾನೆ. ಬೇಡ ಅನ್ನೋಕೆ ನೀನ್ಯಾರು, ನಾನ್ಯಾರು?"

"ಹಾಗಾದ್ರೆ ನಾನು ಬರಲ್ಲ. ನನ್ನ ಮನೆಯಿಂದ ಒಂದು ಹೆಣ್ಣು ಬಂದು ಆರತಿ ಎತ್ತಲ್ಲ."

"ಬೇಡ."

ಗಾಡಿ ಬಂದ ದಾರಿಯಲ್ಲೇ ಬರಿದಾಗಿ ಹೋಯಿತು. ಮುದುಕರು ಅದು ಮರೆಯಾಗುವವರೆಗೆ ನಿಂತು ನೋಡಿದರು. ಉಳಿದಿದ್ದವನು ಅವನೊಬ್ಬನೇ ಮಗ. ಒಳಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು. ಆದರೂ ಪಂಚಾಂಗ ತೆಗೆದು, "ಬರೋ ಸೋಮವಾರ ಹತ್ತು ಗಂಟೆಗೆ ಮುಹೂರ್ತ ಇದೆ" ಎಂದರು.

ಮದುವೆ ಮಾಡಿಸಲು ಮಠದ ಅಯ್ಯನವರು ಬರಲಿಲ್ಲ. ಬಂದವನು ಪುಟ್ಟಯ್ಯ, ಬಡ ಜಂಗಮ. ಹಿಂದೆ ಹೆಡ್‌ಮಾಸ್ತರರ ಶಾಲೆಯಲ್ಲಿ ಓದಿದವನು. "ಬರಲ್ಲ ಅಂದ್ರೆ ಈಗಲೂ ಬೆತ್ತ ತಗೋತೀರಿ ಅಂತ ಭಯ ಸಾರ್" ಎಂದು ನಗುತ್ತ ಚಪ್ಪರದ ಕೆಳಗೆ ಕೂತ. ಓಲಗದವರು ಬಂದರು. ನೆರೆಹೊರೆಯವರು ಅರ್ಧ ಬಂದರು, ಅರ್ಧ ಕಿಟಕಿಯಲ್ಲೇ ಉಳಿದರು. ಭವಾನಿ ಬೆಳಿಗ್ಗೆಯೇ ಬಂದು ಗೆಳತಿಗೆ ಹಸಿರು ಬಳೆ ತೊಡಿಸಿದಳು, ತೊಡಿಸುವಾಗ ಮಾತ್ರ ಒಂದು ಮಾತೂ ಆಡಲಿಲ್ಲ.

ಆರತಿಯ ಹೊತ್ತಿಗೆ ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡುತ್ತ ಹಿಂದೆ ಸರಿದರು. ಪರಮೇಶ್ವರಪ್ಪನವರು ಪಂಚೆ ಎತ್ತಿಕಟ್ಟಿ, ತಟ್ಟೆಯನ್ನು ತಾವೇ ಎತ್ತಿಕೊಂಡು ವಧೂವರರಿಗೆ ಆರತಿ ಮಾಡಿದರು. ಹೆಂಡತಿಯಿಲ್ಲದ, ಮಗನನ್ನು ಕಳೆದುಕೊಂಡ ಗಂಡಸು. ತಟ್ಟೆ ಕೆಳಗಿಟ್ಟ ಮೇಲೆ ಜಗದಾಂಬಾ ಅವರ ಪಾದದ ಮೇಲೆ ತಲೆಯಿಟ್ಟು, "ಅಪ್ಪಯ್ಯ" ಎಂದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

ಮಧ್ಯಾಹ್ನದ ರೈಲಿಗೆ ಹೊರಡಬೇಕಿತ್ತು. ಜಟಕಾ ತರಿಸೋಣವೆಂದ ಉಜ್ಜನಪ್ಪ. ನಡೆದೇ ಹೋಗೋಣವೆಂದಳು ಅವಳು. ಅರಿಸಿನ ಬಣ್ಣದ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕೈತುಂಬ ಬಳೆ. ಸವಳಂಗ ರಸ್ತೆಯ ಅಂಗಡಿಗಳ ಮುಂದೆ ಜನ ಮಾತು ನಿಲ್ಲಿಸಿ ನಿಂತರು. ಒಂದು ಮನೆಯ ಬಾಗಿಲು ಧಡಾರನೆ ಮುಚ್ಚಿತು. ಇನ್ನೊಂದು ಮನೆಯ ಮುದುಕಿ ಕಟ್ಟೆಯ ಮೇಲಿಂದ ಎದ್ದು ನೋಡಿ, ಮೆಲ್ಲಗೆ ಕೈ ಮುಗಿದಳು.

ಉಜ್ಜನಪ್ಪ ಬೆವರು ಒರೆಸಿಕೊಂಡ. "ಬಿಸಿಲು ಜಾಸ್ತಿ. ಸ್ವಲ್ಪ ಬೇಗ ಹೆಜ್ಜೆ ಹಾಕೋಣ್ವಾ?"

ಜಗದಾಂಬಾ ಅವನ ಕೈಯನ್ನು ಎಲ್ಲರೆದುರೇ ಹಿಡಿದುಕೊಂಡಳು.

"ಯಾಕ್ರೀ ಅವಸರ?" ಎಂದಳು. "ನಿಧಾನ ನಡೀರಿ. ಇನ್ನೂ ಎಷ್ಟೋ ಮನೆ ಬಾಕಿ ಇದೆ."